ಬೀಟ್‌ರೂಟ್ ಸೂಪಿಗೆ ನೆಂಚಿಕೊಳ್ಳಲು

ಹಪ್ಪಳ ಸಾಕೇ? ಸಾಕು ಎನ್ನಬಹುದು. ಆದರೆ ಹಪ್ಪಳವನ್ನು ಸೂಪಿಗೆ ಅದ್ದಿದರೆ ಮೆತ್ತಗಾಗುತ್ತದೆ. ಅದ್ದದೆ ತಿಂದರೆ ಅದು ನೆಂಚಿಕೊಂಡ ಹಾಗಾಗುವುದಿಲ್ಲ, ಸೂಪಿನ ಪಕ್ಕದಲ್ಲಿ ಕೂತು ಹಪ್ಪಳ ತಿಂದ ಹಾಗಾಗುತ್ತದೆ. ಹಾಗಾದರೆ ಪಲ್ಯವೇ? ಬಲಗೈಯಲ್ಲಿ ಚಮಚ ಹಿಡಿದವರು ಪಲ್ಯವನ್ನು ಯಾವ ಕೈಯಲ್ಲಿ ತಿನ್ನಬೇಕು?

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದೆ ಕನ್ನಡಕದಂಗಡಿ ಇಟ್ಟಿರುವ ಉಮೇಶ ಹೀಗೆ ಯೋಚಿಸುತ್ತ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಗಡೆ ಕೂರಿಸಿದ. ಗಿರಾಕಿ ಅದನ್ನು ಹಾಕಿಕೊಂಡು ಸುತ್ತ ನೋಡಿದ.

“ಉಮೇಶಣ್ಣ, ನಿಮ್ಮ ಅಂಗಡಿ ಎರಡಾಗಿ ಕಾಣ್ತಿದೆಯಲ್ಲ?”

“ಒಂದನ್ನು ಗುಡಿಸೋಕೇ ಜನ ಇಲ್ಲ ಮಾರಾಯ,” ಎಂದ ಉಮೇಶ. ಅವನ ಮುಖದಲ್ಲಿ ನಗುವಿರಲಿಲ್ಲ. ಬುಧವಾರದಿಂದ ಅವನು ನಕ್ಕಿರಲಿಲ್ಲ.

ಬುಧವಾರ ನಡೆದದ್ದು ಇಷ್ಟು. ಉಮೇಶನ ಮಗಳು ಸ್ವಪ್ನಾ ತೀರ್ಥಹಳ್ಳಿಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಳು. ಅಲ್ಲೇ ಕೆಲಸ ಮಾಡುವ ಅರಿಹಂತ್ ಎಂಬ ಜೈನರ ಹುಡುಗನನ್ನು ಮದುವೆಯಾಗುತ್ತೇನೆ ಎಂದಿದ್ದಳು. ಹುಡುಗನ ತಂದೆ ನೇಮಿರಾಜಯ್ಯನವರಿಗೆ ತೀರ್ಥಹಳ್ಳಿಯಲ್ಲಿ ಬಟ್ಟೆಯಂಗಡಿ. ಅವರು ಹೌದು ಎಂದೂ ಹೇಳಿರಲಿಲ್ಲ, ಇಲ್ಲ ಎಂದೂ ಹೇಳಿರಲಿಲ್ಲ. ಹುಡುಗನ ತಾಯಿ ಶಾಂತಮ್ಮನವರು ಮಾತ್ರ ಒಂದು ಮಾತು ಹೇಳಿದ್ದರು: “ಆ ಮನೇಲಿ ಕೂತು ಒಂದು ಹೊತ್ತು ಊಟ ಮಾಡಿದ ಮೇಲೆ ಹೇಳ್ತೀನಿ.” ಆದ್ದರಿಂದ ಸ್ವಪ್ನಾಳ ಮದುವೆ ಈಗ ಒಂದು ಊಟದ ಮೇಲೆ ನಿಂತಿತ್ತು. ಉಮೇಶನದು ಮೀನಿಲ್ಲದೆ ಊಟ ಇಳಿಯದ ಮನೆ. “ಅವರು ನೆಲದೊಳಗೆ ಬೆಳೆಯೋದು ಕೂಡ ಮುಟ್ಟಲ್ಲ ಅಪ್ಪ, ನೆನಪಿಟ್ಕೊಳ್ಳಿ,” ಎಂದು ಸ್ವಪ್ನಾ ಫೋನಿನಲ್ಲಿ ಅಳುವ ದನಿಯಲ್ಲಿ ಹೇಳಿದ್ದಳು. ಉಮೇಶ ನೆನಪಿಟ್ಟುಕೊಂಡಿದ್ದ.

ಬುಧವಾರ ಬೆಳಿಗ್ಗೆ ನೇಮಿರಾಜಯ್ಯನವರೇ ಫೋನ್ ಮಾಡಿದರು. ಅವರದು ನಿಧಾನದ ಮಾತು. ಎರಡು ಮಾತಿನ ನಡುವೆ ಒಂದು ಸೀರೆ ಬಿಡಿಸಿ ಮಡಚಿಡುವಷ್ಟು ಸಮಯ ತೆಗೆದುಕೊಳ್ಳುತ್ತಿದ್ದರು.

“ಭಾನುವಾರ ಮಧ್ಯಾಹ್ನ ಬರ್ತೀವಿ ಉಮೇಶರೇ. ಊಟಕ್ಕೆ ಹೆಚ್ಚಿಗೆ ಎಂತದೂ ತೊಂದರೆ ತಗೋಬೇಡಿ.”

“ತೊಂದರೆ ಎಂತದು ಯಜಮಾನ್ರೆ...” ಎಂದು ಉಮೇಶ ಶುರುಮಾಡುವಷ್ಟರಲ್ಲಿ ಗೇಟಿನ ಹತ್ತಿರ ಮೀನಿನ ಕನ್ನಪ್ಪನ ಮೊಪೆಡ್ ಬಂದು ನಿಂತು ಹಾರ್ನ್ ಹೊಡೆಯಿತು.

“ಬಂಗುಡೆ! ಬಂಗುಡೆ!”

“ಅದು ಪಕ್ಕದ ಮನೆಗೆ ಯಜಮಾನ್ರೆ. ಸುಬ್ಬಪ್ಪನೋರು ಅಂತ. ನಮ್ಮನೇಲಿ ಅದೆಲ್ಲ ಇಲ್ಲ.”

“ಉಮೇಶಣ್ಣಾ!” ಕನ್ನಪ್ಪ ಇನ್ನೂ ಜೋರಾಗಿ ಕೂಗಿದ. “ನಿಮ್ಮ ಲೆಕ್ಕದ್ದು ಬೇರೆ ತೆಗೆದಿಟ್ಟೀನಿ, ಒಳ್ಳೆ ಮಾಲು!”

ಮನುಷ್ಯನ ಬಾಯಿಂದ ಅವನೇ ಊಹಿಸದ ಮಾತು ಹೊರಡುವುದು ಇಂಥ ಹೊತ್ತಿನಲ್ಲಿ. “ನಮ್ಮಲ್ಲಿ ಈಗ ಬರೀ ಸೂಪು ಯಜಮಾನ್ರೆ,” ಎಂದ ಉಮೇಶ. “ಬೀಟ್‌ರೂಟ್ ಸೂಪು. ಅದು ಬಿಟ್ರೆ ಬೇರೆ ಎಂತದೂ ಇಲ್ಲ.”

ಬೀಟ್‌ರೂಟ್ ಸೂಪನ್ನು ಅವನು ಬದುಕಿನಲ್ಲಿ ಒಂದೇ ಸಲ ಕಂಡಿದ್ದ. ಶಿವಮೊಗ್ಗದ ದೊಡ್ಡ ಹೋಟೆಲಿನಲ್ಲಿ ಕನ್ನಡಕದ ವ್ಯಾಪಾರಿಗಳ ಸಭೆ ನಡೆದಾಗ ಒಂದು ಬಿಳಿ ಬಟ್ಟಲಿನಲ್ಲಿ ತಂದು ಅವನ ಮುಂದಿಟ್ಟಿದ್ದರು. ನೆಂಚಿಕೊಳ್ಳಲು ಏನಾದರೂ ಬರುತ್ತದೆಂದು ಅವನು ಕಾಯುತ್ತ ಕೂತಿದ್ದ. ಬರುವ ಮೊದಲೇ ಬಟ್ಟಲನ್ನು ತೆಗೆದುಕೊಂಡು ಹೋಗಿಬಿಟ್ಟಿದ್ದರು.

ನೇಮಿರಾಜಯ್ಯನವರು ಈ ಸಲ ಸೀರೆಯಲ್ಲ, ಇಡೀ ಕಪಾಟನ್ನೇ ಖಾಲಿ ಮಾಡಿ ತುಂಬಿಡುವಷ್ಟು ಹೊತ್ತು ಸುಮ್ಮನಿದ್ದರು. ಆಮೇಲೆ ಮೆತ್ತಗೆ ಕೇಳಿದರು: “ಅದರ ಜೊತೆಗೆ... ನೆಂಚಿಕೊಳ್ಳೋಕೆ ಏನಾದ್ರೂ ಇರ್ತದಲ್ಲ?”

“ಇರ್ತದೆ, ಇರ್ತದೆ,” ಎಂದ ಉಮೇಶ. ಫೋನ್ ಇಟ್ಟ ಮೇಲೆ ಅವನಿಗೆ ಯೋಚನೆ ಹತ್ತಿತು. ಅಳೆದು ಮಾತಾಡುವ ಮನುಷ್ಯ ಸುಮ್ಮನೆ ಕೇಳುತ್ತಾನೆಯೇ? ಇದು ಪರೀಕ್ಷೆ. ಸೂಪನ್ನು ಯಾರು ಬೇಕಾದರೂ ಮಾಡುತ್ತಾರೆ. ಮನೆತನ ಗೊತ್ತಾಗುವುದು ಅದಕ್ಕೆ ಏನು ನೆಂಚಿಕೊಳ್ಳುತ್ತಾರೆ ಎನ್ನುವುದರಲ್ಲಿ.

ಅಷ್ಟರಲ್ಲಿ ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಸುಬ್ಬಪ್ಪನವರ ತಲೆ ಕಾಣಿಸಿಕೊಂಡಿತು. ಅವರು ರಿಟೈರಾದ ರೆವಿನ್ಯೂ ಇನ್ಸ್‌ಪೆಕ್ಟರು.

“ಉಮೇಶ, ಲಿಂಗ ಕಟ್ಟಿದ ಮನೆ ಕಣಯ್ಯ ನಂದು. ಮೊಟ್ಟೆ ಹೊತ್ತ ಲಾರಿ ಬಂದ್ರೆ ರಸ್ತೆ ಆ ಕಡೆ ದಾಟೋನು ನಾನು. ನನ್ನ ಹೆಸರಿಗೆ ಬಂಗುಡೆ ಖಾತೆ ಮಾಡ್ತೀಯಲ್ಲ!”

“ತಪ್ಪಾಯ್ತು ಸಾರ್. ಮಗಳ ಮದುವೆ ವಿಷಯ.” ಉಮೇಶ ಎಲ್ಲವನ್ನೂ ಹೇಳಿದ. ಸುಬ್ಬಪ್ಪನವರ ಸಿಟ್ಟು ಇಳಿಯಿತು. ಇಳಿದ ಜಾಗಕ್ಕೆ ಅಧಿಕಾರ ಬಂದು ಕೂತಿತು.

“ಹಾಗಾದ್ರೆ ಇದು ವಿಚಾರಣೆ ಆಗಬೇಕಾದ ವಿಷಯ. ಸಂಜೆ ಬರ್ತೀನಿ.”

ಸಂಜೆ ಉಮೇಶನ ಊಟದ ಮೇಜಿನ ತಲೆಗೆ ಸುಬ್ಬಪ್ಪನವರು ಕೂತರು. ಒಂದು ಬದಿಗೆ ಉಮೇಶ, ಇನ್ನೊಂದು ಬದಿಗೆ ಅವನ ಹೆಂಡತಿ ಹೇಮಾವತಿ. ಮೇಜಿನ ನಡುವೆ ಉಮೇಶ ಆಗಲೇ ತಂದಿಟ್ಟಿದ್ದ ಒಂದು ಬುಟ್ಟಿ ಬೀಟ್‌ರೂಟು. ಸುಬ್ಬಪ್ಪನವರು ಅದರಿಂದ ಒಂದು ದಪ್ಪನೆಯದನ್ನು ಆರಿಸಿ ಕೈಯಲ್ಲಿ ಹಿಡಿದು ಮೇಜಿಗೆ ಕುಟ್ಟಿದರು. ಸಭೆ ಶುರುವಾಯಿತು.

“ಮೊದಲನೇ ಮಾತು. ಜೈನರು ನೆಲದೊಳಗೆ ಬೆಳೆಯೋದು ತಿನ್ನಲ್ಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಶುಂಠಿ ವಜಾ.” ಕುಟ್ಟಿದರು. “ಎರಡನೇದು. ಹೇಮಾವತಮ್ಮ, ಏನೇನು ಮಾಡಬಲ್ಲಿರಿ ಹೇಳಿ.”

“ಶೇಂಗಾ ಚಟ್ನಿಪುಡಿ?”

“ಶೇಂಗಾ ಎಲ್ಲಿ ಬೆಳೀತದೆ? ನೆಲದೊಳಗೆ. ವಜಾ.”

“ಪತ್ರೊಡೆ ಮಾಡ್ಲಾ? ಕೆಸುವಿನ ಎಲೆ ಮೇಲಲ್ವಾ ಇರೋದು?” ಎಂದ ಉಮೇಶ ಆಸೆಯಿಂದ.

ಸುಬ್ಬಪ್ಪನವರು ಕಣ್ಣು ಮುಚ್ಚಿ ತುಸು ಹೊತ್ತು ಯೋಚಿಸಿದರು. ಬೀಟ್‌ರೂಟನ್ನು ಗಲ್ಲಕ್ಕೆ ಒತ್ತಿಕೊಂಡಿದ್ದರು. “ಎಲೆ ಮೇಲೆ ಕಾಣೋದು ಬರೀ ಹೆಸರಿಗೆ. ಅಸಲಿ ಮಾಲೀಕ ಕೆಳಗಿದ್ದಾನೆ. ಗಡ್ಡೆ. ಇದು ಬೇನಾಮಿ ಆಸ್ತಿ ಉಮೇಶ. ವಜಾ.”

“ಹಾಗಾದ್ರೆ ಅರಿಶಿನ?” ಎಂದಳು ಹೇಮಾವತಿ. “ಅದೂ ಗಡ್ಡೆಯೇ. ಶಾಂತಮ್ಮನೋರಿಗೆ ಹೋಗುವಾಗ ಅರಿಶಿನ ಕುಂಕುಮ ಕೊಡಬಾರದಾ?”

ಮೇಜಿನ ಸುತ್ತ ಭಯ ಹರಡಿತು. ಸುಬ್ಬಪ್ಪನವರು ಕೊನೆಗೆ ಅರಿಶಿನವನ್ನು ಎರಡು ಭಾಗ ಮಾಡಿದರು: ಕೆನ್ನೆಗೆ ಹಚ್ಚುವುದಕ್ಕೆ ಅಡ್ಡಿಯಿಲ್ಲ, ಪಲ್ಯಕ್ಕೆ ಹಾಕುವ ಹಾಗಿಲ್ಲ. ಹೀಗೆ ರಾತ್ರಿ ಊಟದ ಹೊತ್ತಿಗೆ ವಿಚಾರಣೆ ಮುಗಿದು ತೀರ್ಪು ಬಂತು. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಬೆಳ್ಳಗಿನ ತೊಂಡೆಕಾಯಿ ಪಲ್ಯ, ಅಕ್ಕಿ ಹಿಟ್ಟಿನ ಕೋಡುಬಳೆ, ಸೌತೆಕಾಯಿ ಕೋಸಂಬರಿ. ಬೇಕರಿಯ ರಸ್ಕು ಇಡೋಣ ಎಂದು ಉಮೇಶ ಹೇಳಿದ್ದಕ್ಕೆ, ರಸ್ಕು ತಿನ್ನುವುದು ಆಸ್ಪತ್ರೆಯಲ್ಲಿ ಎಂದು ಸುಬ್ಬಪ್ಪನವರು ತಳ್ಳಿಹಾಕಿದರು.

“ಅನ್ನ ಎಷ್ಟು ಮಾಡ್ಲಿ?” ಎಂದಳು ಹೇಮಾವತಿ.

“ಅನ್ನ ಬೇಡ,” ಎಂದ ಉಮೇಶ. “ಅನ್ನ ಇಟ್ರೆ ಸೂಪು ಸಾರಾಗ್ತದೆ.”

ಈ ಮಾತಿಗೆ ಸುಬ್ಬಪ್ಪನವರೇ ತಲೆದೂಗಿದರು. ಹೇಮಾವತಿ ಮಾತ್ರ ಗಂಡನನ್ನು ಒಂದು ಥರ ನೋಡಿದಳು.

ಶನಿವಾರ ಸಾಗರದಿಂದ ಉಮೇಶನ ಅಕ್ಕ ಮಾಸ್ತಮ್ಮ ಹಪ್ಪಳದ ಡಬ್ಬಿ ಹೊತ್ತು ಬಸ್ಸಿಳಿದಳು. ಬಂದವಳೇ ಮನೆಯ ಪಾತ್ರೆಗಳನ್ನೆಲ್ಲ ಮೂಸಿ ನೋಡಿದಳು.

“ಈ ಬಾಣಲೆಗೆ ಇನ್ನೂ ಬಂಗುಡೆ ನೆನಪು ಹೋಗಿಲ್ಲ ಕಣೋ ಉಮೇಶ.”

ಬಾಣಲೆ ಅಟ್ಟಕ್ಕೆ ಹೋಯಿತು. ಸುಬ್ಬಪ್ಪನವರ ಮನೆಯಿಂದ ಬಾಣಲೆ, ಸೌಟು, ಪಾತ್ರೆ ಬಂದವು. ಪೇಟೆಯಿಂದ ಬಿಳಿ ಪಿಂಗಾಣಿ ಬಟ್ಟಲುಗಳು ಬಂದವು. ಬೆಕ್ಕನ್ನು ಹಿಡಿದು ಸ್ನಾನ ಮಾಡಿಸಿದರು. ಅದು ಅಂದು ಮನೆ ಬಿಟ್ಟದ್ದು ಮಂಗಳವಾರ ವಾಪಸು ಬಂತು.

ಹೇಮಾವತಿ ಹೋಟೆಲಿನವರೂ ಮೆಚ್ಚುವ ಹಾಗೆ ಸೂಪು ಮಾಡಿದಳು. ಬೇಯಿಸಿ, ನುಣ್ಣಗೆ ಅರೆದು, ಸೋಸಿ, ಬೆಣ್ಣೆ ಹಾಕಿ, ಮೆಣಸಿನಪುಡಿ ಉದುರಿಸಿದಳು. ಅದರ ಬಣ್ಣ ನೋಡಿ ಮಾಸ್ತಮ್ಮ ಕೈ ಮುಗಿದಳು.

“ಅಪ್ಪ, ನಾಳೆಗೆ ಎಂತ ಮಾಡ್ತಿದೀರಿ?” ಎಂದು ರಾತ್ರಿ ಸ್ವಪ್ನಾ ಫೋನ್ ಮಾಡಿದಳು.

“ಸೂಪು. ಮತ್ತೆ ನೆಂಚಿಕೊಳ್ಳೋಕೆ.”

“ಟೊಮೆಟೊ ಸೂಪಾ?”

“ಬಂದಾಗ ನೋಡ್ತೀಯಲ್ಲ. ನೆಲದೊಳಗಿನದು ಒಂದು ಚೂರೂ ಇಲ್ಲ, ಸುಬ್ಬಪ್ಪನೋರು ಖುದ್ದು ಪರಿಶೀಲನೆ ಮಾಡಿದಾರೆ,” ಎಂದು ಉಮೇಶ ಹೆಮ್ಮೆಯಿಂದ ಹೇಳಿದ.

ಭಾನುವಾರ ಮಧ್ಯಾಹ್ನ ಸ್ವಪ್ನಾಳೂ ಅರಿಹಂತನೂ ಸೇರಿ ಅವರೆಲ್ಲ ಒಂದೇ ಕಾರಿನಲ್ಲಿ ಬಂದರು. ನೇಮಿರಾಜಯ್ಯನವರು ಎತ್ತರದ, ಬಿಳಿ ಜುಬ್ಬಾದ ಮನುಷ್ಯ. ಶಾಂತಮ್ಮನವರು ಚಿಕ್ಕದಾಗಿ, ಅಚ್ಚುಕಟ್ಟಾಗಿದ್ದರು. ಬಾಗಿಲಲ್ಲೇ ನಿಂತು ಮನೆಯ ಗಾಳಿಯನ್ನು ಒಮ್ಮೆ ಒಳಗೆಳೆದುಕೊಂಡರು. ಮಾಸ್ತಮ್ಮ ಅಟ್ಟದ ಕಡೆ ನೋಡಿದಳು. ಶಾಂತಮ್ಮನವರ ಮುಖದಲ್ಲಿ ಏನೂ ಕಾಣಲಿಲ್ಲ. ಕೈಕಾಲು ತೊಳೆದು ಎಲ್ಲರೂ ಮೇಜಿಗೆ ಬಂದರು. ಸುಬ್ಬಪ್ಪನವರು ಹಿರಿಯರ ಸ್ಥಾನದಲ್ಲಿ ಮೊದಲೇ ಬಂದು ಕೂತಿದ್ದರು.

ಬಿಳಿ ಬಟ್ಟಲುಗಳು ಬಂದವು. ಬಟ್ಟಲುಗಳಲ್ಲಿ ಕಡುಗೆಂಪು ಸೂಪು.

ಅರಿಹಂತ್ ಸ್ವಪ್ನಾಳ ಮುಖ ನೋಡಿದ. ಸ್ವಪ್ನಾ ಬಟ್ಟಲನ್ನು ನೋಡಿ ಬಿಳಿಚಿಕೊಂಡಳು. ಶಾಂತಮ್ಮನವರು ಗಂಡನ ಮುಖ ನೋಡಿದರು. ನೇಮಿರಾಜಯ್ಯನವರು ಯಾರ ಮುಖವನ್ನೂ ನೋಡಲಿಲ್ಲ. ಬುಧವಾರ ಫೋನಿನಲ್ಲಿ ಕೇಳಿದ್ದನ್ನು ಅವರು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಕರೆದು ಊಟ ಹಾಕುವವರ ಅಡುಗೆಯ ಬಗ್ಗೆ ಮೊದಲೇ ಮಾತಾಡುವುದು ಅವರ ಮನೆಯ ಪದ್ಧತಿಯಲ್ಲ. ಬೇರೆ ಏನಾದರೂ ಇದ್ದೇ ಇರುತ್ತದೆ ಎಂದುಕೊಂಡು ಬಂದಿದ್ದರು.

“ತಗೊಳ್ಳಿ ಯಜಮಾನ್ರೆ,” ಎಂದ ಉಮೇಶ.

“ಹಪ್ಪಳ ಬಹಳ ಚೆನ್ನಾಗಿ ಕಾಣ್ತದೆ,” ಎಂದರು ನೇಮಿರಾಜಯ್ಯ. ಒಂದು ಹಪ್ಪಳ ಮುರಿದರು.

ಶಾಂತಮ್ಮನವರು ತೊಂಡೆಕಾಯಿ ಪಲ್ಯ ಹಾಕಿಸಿಕೊಂಡರು. ಅರಿಹಂತ್ ಕೋಡುಬಳೆಗೆ ಕೈ ಹಾಕಿದ. ಕಟುಂ ಕುಟುಂ ಶಬ್ದ ಬಿಟ್ಟರೆ ಮೇಜಿನ ಮೇಲೆ ಬೇರೆ ಶಬ್ದವಿರಲಿಲ್ಲ. ಎಲ್ಲರೂ ನೆಂಚಿಕೊಳ್ಳುತ್ತಿದ್ದರು. ಸುಬ್ಬಪ್ಪನವರನ್ನು ಬಿಟ್ಟರೆ ಯಾರೂ ಸೂಪು ಮುಟ್ಟುತ್ತಿರಲಿಲ್ಲ.

ಉಮೇಶನಿಗೆ ವಿಷಯ ಅರ್ಥವಾಯಿತು. ಸೂಪಿಗೆ ತಕ್ಕದ್ದು ಇನ್ನೂ ಅವರಿಗೆ ಸಿಕ್ಕಿಲ್ಲ. ಅವನು ಒಳಗೆ ಓಡಿ ಚಿಪ್ಸು ತಂದ. ಚಿಪ್ಸು ಮುಗಿಯಿತು, ಸೂಪು ಹಾಗೇ ಇತ್ತು. ಕೋಸಂಬರಿ ಬಂತು. ಅದೂ ಮುಗಿಯಿತು.

“ಅಪ್ಪ, ಒಂದ್ನಿಮಿಷ ಒಳಗೆ ಬನ್ನಿ,” ಎಂದಳು ಸ್ವಪ್ನಾ, ಹಲ್ಲು ಕಚ್ಚಿಕೊಂಡು.

“ಗೊತ್ತಾಯ್ತು ಮಗಳೇ, ತರ್ತಿದೀನಿ,” ಎಂದ ಉಮೇಶ ಇನ್ನೊಂದು ತಟ್ಟೆ ಹಪ್ಪಳಕ್ಕೆ ಓಡಿದ. ಅವಳು ಏಳಲು ನೋಡಿದಳು. ಶಾಂತಮ್ಮನವರು ಅವಳ ಮೊಣಕೈ ಹಿಡಿದು, “ಕೂತ್ಕೋ ಮಗ, ನೀನೂ ತಿನ್ನು,” ಎಂದರು.

“ನೋಡಿ,” ಎಂದರು ಸುಬ್ಬಪ್ಪ, ತಮ್ಮ ಬಟ್ಟಲನ್ನು ಆಗಲೇ ಖಾಲಿ ಮಾಡಿ, “ಈ ಸೂಪು ಈ ಮನೆಯ ಹೆಮ್ಮೆ. ಉಮೇಶನ ಸಂಸಾರ ಬೇರೆ ಎಂತದೂ ಮುಟ್ಟೋದೇ ಇಲ್ಲ. ಹೇಮಾವತಮ್ಮ ನಾಲ್ಕು ದಿನದಿಂದ ಇದಕ್ಕಾಗಿ ನಿದ್ದೆಗೆಟ್ಟಿದಾರೆ. ನೀವು ಕುಡೀದೆ ಹೋದ್ರೆ ಆಯಮ್ಮ ಅತ್ತುಬಿಡ್ತಾರೆ.”

ಅಡುಗೆಮನೆಯ ಬಾಗಿಲಲ್ಲಿ ಹೇಮಾವತಿ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ನೇಮಿರಾಜಯ್ಯನವರು ಅವಳ ಕಡೆ ನೋಡಿದರು. ಮಗನ ಕಡೆ ನೋಡಿದರು. ಮಗ ತಲೆ ತಗ್ಗಿಸಿದ್ದ. ಅವರು ಕೈಯಲ್ಲಿದ್ದ ಹಪ್ಪಳದ ಚೂರನ್ನು ಕೆಳಗಿಟ್ಟರು.

ಅದೇ ಹೊತ್ತಿಗೆ ಒಳಗೆ ಮಾಸ್ತಮ್ಮ ನೆಲ ಒರೆಸುತ್ತ ಗೊಣಗುತ್ತಿದ್ದಳು. “ಎಷ್ಟು ಒರೆಸಿದ್ರೂ ಈ ಮಣ್ಣು ಹೋಗಲ್ಲ. ತಂದೋನು ತೊಳೆದು ತರಬಾರದಾ ಈ ಬೀಟ್‌ರೂಟು?”

“ಎಲ್ಲಿಂದ ಬಂತೇ ಅಕ್ಕ ಮಣ್ಣು?” ಎಂದ ಉಮೇಶ, ಹಪ್ಪಳದ ತಟ್ಟೆ ಹಿಡಿದುಕೊಂಡು.

“ಎಲ್ಲಿಂದ ಅಂದ್ರೆ? ನೆಲ ಅಗೆದು ಕಿತ್ತಿದ್ದಕ್ಕೆ ಮಣ್ಣಿರದೆ ಮಲ್ಲಿಗೆ ಹೂವಿರ್ತದಾ?”

ಉಮೇಶ ಮಣ್ಣನ್ನು ನೋಡಿದ. ಬುಟ್ಟಿಯಲ್ಲಿ ಉಳಿದಿದ್ದ ಬೀಟ್‌ರೂಟನ್ನು ನೋಡಿದ. ಅದರ ಬಾಲವನ್ನು ನೋಡಿದ. ಅವನ ಕೈಯಲ್ಲಿದ್ದ ತಟ್ಟೆಯ ಹಪ್ಪಳಗಳು ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು.

ಅವನು ಹೊರಗೆ ಬಂದಾಗ ನೇಮಿರಾಜಯ್ಯನವರು ಎರಡೂ ಕೈಯಲ್ಲಿ ಬಟ್ಟಲು ಎತ್ತಿದ್ದರು. ಶಾಂತಮ್ಮನವರು ಕಣ್ಣು ಮುಚ್ಚಿದ್ದರು. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ಬಟ್ಟಲು ಬಾಯಿಗೆ ಇನ್ನು ನಾಲ್ಕು ಬೆರಳು ದೂರ.

ಉಮೇಶ ಹಪ್ಪಳದ ತಟ್ಟೆಯನ್ನು ಸುಬ್ಬಪ್ಪನವರ ತೊಡೆಯ ಮೇಲೆ ಬಿಟ್ಟು, ಮುಂದೆ ಬಗ್ಗಿ, ನೇಮಿರಾಜಯ್ಯನವರ ಕೈಯಿಂದ ಬಟ್ಟಲು ಕಿತ್ತುಕೊಂಡು ಗಟಗಟ ಕುಡಿದುಬಿಟ್ಟ.

“ಕ್ಷಮಿಸಿ,” ಎಂದ ಉಮೇಶ. ಅವನ ಮೀಸೆ ಕೆಂಪಾಗಿತ್ತು. “ಈ ಸೂಪು ಕಂಡ್ರೆ ನಂಗೆ ತಡೆಯೋಕೆ ಆಗಲ್ಲ.”

“ಇನ್ನೂ ಬೇಕಾದಷ್ಟಿದೆ, ಅವರಿಗೆ ಬೇರೆ ಹಾಕ್ತೀನಿ,” ಎಂದು ಹೇಮಾವತಿ ಗಾಬರಿಯಿಂದ ಪಾತ್ರೆ ಹಿಡಿದು ಬಂದಳು.

ಉಮೇಶ ಶಾಂತಮ್ಮನವರ ಬಟ್ಟಲನ್ನು ಕುಡಿದ. ಅರಿಹಂತನದ್ದನ್ನು ಕುಡಿದ. ಮಗಳದ್ದನ್ನೂ ಬಿಡಲಿಲ್ಲ. ಆಮೇಲೆ ಹೆಂಡತಿಯ ಕೈಯಿಂದ ಪಾತ್ರೆ ತೆಗೆದುಕೊಂಡು, ಮೂಲೆಯ ಕಡೆ ತಿರುಗಿ, ನಿಂತಲ್ಲೇ ಎತ್ತಿ ಕುಡಿಯತೊಡಗಿದ. ಅವನ ಅಂಗಿಯ ಮೇಲೆ ಸೂಪು ಹರಿಯಿತು.

“ಅಯ್ಯೋ ನಮ್ಮವ್ವ!” ಮಾಸ್ತಮ್ಮ ಒರೆಸುವ ಬಟ್ಟೆ ಹಿಡಿದುಕೊಂಡೇ ಬಂದು ಹಣೆ ಚಚ್ಚಿಕೊಂಡಳು. “ಬೀಗರ ಬಾಯಿಂದ ಕಿತ್ತು ಕುಡಿದ್ನಲ್ಲ! ಚಿಕ್ಕೋನಿದ್ದಾಗ ಹೀಗಿರಲಿಲ್ಲ ಕಣ್ರಮ್ಮ, ಕೊಟ್ಟಿದ್ದನ್ನೇ ತಿಂತಿರಲಿಲ್ಲ!”

“ನನ್ನ ಸರ್ವಿಸ್ಸಲ್ಲಿ,” ಎಂದರು ಸುಬ್ಬಪ್ಪ, ತೊಡೆಯ ಮೇಲಿನ ಹಪ್ಪಳದ ಪುಡಿ ಕೊಡವುತ್ತ, “ಗೋಮಾಳ ಒತ್ತುವರಿ ನೋಡಿದೀನಿ, ಕೆರೆ ಒತ್ತುವರಿ ನೋಡಿದೀನಿ. ಅತಿಥಿ ಬಟ್ಟಲು ಒತ್ತುವರಿ ಆಗಿದ್ದು ಇದೇ ಮೊದಲು.”

ಹೇಮಾವತಿ ಗೋಡೆಗೊರಗಿ ನಿಂತಿದ್ದಳು. ಗಂಡ ಕಣ್ಣೆದುರು ಮಗಳ ಬದುಕನ್ನು ಕುಡಿದು ಮುಗಿಸುತ್ತಿದ್ದಾನೆ ಎಂದು ಅವಳಿಗೆ ಕಂಡಿತು. ಪಾತ್ರೆ ಖಾಲಿಯಾಯಿತು. ಉಮೇಶ ಅದನ್ನು ಕೆಳಗಿಟ್ಟು ತೇಗಿದ. ತಡೆಯಲು ನೋಡಿದ, ಆಗಲಿಲ್ಲ.

ನೇಮಿರಾಜಯ್ಯನವರು ಖಾಲಿಯಾದ ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ಹೇಮಾವತಿಯ ಕಡೆ ತಿರುಗಿದರು.

“ತಂಗಿ, ಸೂಪಂತೂ ಮುಗೀತು. ಒಂದು ತುತ್ತು ಅನ್ನ ಸಿಗ್ತದಾ?”

“ಮಾಡೀನಿ ಅಣ್ಣ,” ಎಂದಳು ಹೇಮಾವತಿ. ಗಂಡನ ಮಾತು ಮೀರಿ ಬೆಳಿಗ್ಗೆಯೇ ಅನ್ನ ಮಾಡಿ, ಹೆಸರುಬೇಳೆ ತೊವ್ವೆ ಮಾಡಿ, ಒಲೆಯ ಹಿಂದೆ ಮುಚ್ಚಿಟ್ಟಿದ್ದಳು.

ಬಿಸಿ ಅನ್ನ ಬಂತು. ತುಪ್ಪ ಬಂತು. ಅರಿಹಂತ್ ಮೂರು ಸಲ ಹಾಕಿಸಿಕೊಂಡ. ಶಾಂತಮ್ಮನವರು ತೊವ್ವೆ ಕಲಸಿಕೊಂಡು ಹಪ್ಪಳ ನೆಂಚಿಕೊಂಡರು. ಅವರ ಮುಖದಲ್ಲಿ ಮೊದಲ ಸಲ ಬಣ್ಣ ಬಂತು. “ಹೇಮಾ, ಈ ತೊವ್ವೆಗೆ ಒಗ್ಗರಣೆ ಎಂತ ಹಾಕ್ತೀಯೆ?” ಎಂದು ಕೇಳಿದರು. ಹೇಮಾವತಮ್ಮ ಎನ್ನಲಿಲ್ಲ, ಹೇಮಾ ಎಂದರು. ಮಾಸ್ತಮ್ಮ ಅಡುಗೆಮನೆಗೆ ಹೋಗಿ ಸಿಗಂದೂರು ದೇವಿಯ ದಿಕ್ಕಿಗೆ ಕೈ ಮುಗಿದು ಬಂದಳು.

ಉಮೇಶನಿಗೆ ಯಾರೂ ಬಡಿಸಲಿಲ್ಲ. ಅವನಿಗೆ ಜಾಗವೂ ಇರಲಿಲ್ಲ.

ಹೊರಡುವಾಗ ಶಾಂತಮ್ಮನವರು ಅರಿಶಿನ ಕುಂಕುಮ ತೆಗೆದುಕೊಂಡು ಸ್ವಪ್ನಾಳ ತಲೆ ಸವರಿದರು. “ನಮ್ಮ ಕಡೆಯಿಂದ ಆಯ್ತು,” ಎಂದರು. “ಮನೆ ಚೊಕ್ಕಟ. ತಾಯಿ ಅಚ್ಚುಕಟ್ಟು. ತಂದೆ...” ಅವರು ಗಂಡನ ಕಡೆ ನೋಡಿದರು.

“ತಂದೆ ಹೊಟ್ಟೆಯಲ್ಲಿ ಏನನ್ನೂ ಮುಚ್ಚಿಡೋ ಮನುಷ್ಯ ಅಲ್ಲ,” ಎಂದರು ನೇಮಿರಾಜಯ್ಯ. “ಆಸೆ ಬಂದ್ರೆ ಬಂತು ಅಂತ ಎದುರಿಗೇ ತೋರಿಸ್ತಾರೆ. ಸಂಬಂಧ ಬೆಳೆಸೋಕೆ ಇಂಥೋರೇ ಬೇಕು. ಮುಂದಿನ ಸಲ ನಮ್ಮನೆಗೆ ಬನ್ನಿ ಉಮೇಶರೇ. ನಮ್ಮಲ್ಲಿ ಸೂಪು ಇರೋದಿಲ್ಲ, ಹೆದರಬೇಡಿ. ನೆಂಚಿಕೊಳ್ಳೋದು ಮಾತ್ರ ಬೇಕಾದಷ್ಟಿರ್ತದೆ.”

ಅಷ್ಟು ಉದ್ದದ ಮಾತನ್ನು ಅವರು ಮಧ್ಯೆ ಎಲ್ಲೂ ನಿಲ್ಲಿಸದೆ ಆಡಿದ್ದನ್ನು ಅರಿಹಂತ್ ಎಂದೂ ಕೇಳಿರಲಿಲ್ಲ.

ಸುದ್ದಿ ಸಂಜೆಯೊಳಗೆ ಹೊಸನಗರದ ಬಸ್ ಸ್ಟ್ಯಾಂಡ್ ತಲುಪಿತು. ಸೋಮವಾರ ಮಾಸ್ತಮ್ಮನ ಜೊತೆ ಬಸ್ಸಿನಲ್ಲಿ ಸಾಗರಕ್ಕೂ ಹೋಯಿತು. ಕನ್ನಡಕ ಮಾಡಿಸಲು ಬಂದವರು ಚಹಾದ ಲೋಟವನ್ನು ಉಮೇಶನಿಂದ ದೂರ ಸರಿಸಿ ಇಟ್ಟುಕೊಳ್ಳತೊಡಗಿದರು. “ಹುಷಾರು ಮಾರಾಯ, ಕುಡಿದುಬಿಡ್ತಾರೆ,” ಎಂದು ನಗುತ್ತಿದ್ದರು. ಸುಬ್ಬಪ್ಪನವರು ಕಾಂಪೌಂಡಿನ ಮೇಲಿನಿಂದ, ಮನುಷ್ಯ ನಾಲಿಗೆ ಹಿಡಿತದಲ್ಲಿಟ್ಟುಕೊಳ್ಳುವುದು ಹೇಗೆ ಎಂದು ಅವನಿಗೆ ದಿನಾ ಬುದ್ಧಿ ಹೇಳಿದರು. ಹೇಮಾವತಿ ಅವನ ಜೊತೆ ಒಂದು ವಾರ ಮಾತಾಡಲಿಲ್ಲ. ಬಡಿಸುವಾಗ ಮೊದಲು ತನ್ನ ತಟ್ಟೆಗೆ ಹಾಕಿಕೊಂಡು ಆಮೇಲೆ ಅವನಿಗೆ ಹಾಕಿದಳು. ಉಮೇಶ ಹಾಕಿದ್ದನ್ನು ತಿಂದ.

ಅಂದು ಕಾರು ತಿರುವಿನಲ್ಲಿ ಮರೆಯಾದ ಮೇಲೆ ಸ್ವಪ್ನಾ ಅಪ್ಪನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿದ್ದಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿದಿರಲಿಲ್ಲ.

“ನಿಮ್ಮ ಹೊಟ್ಟೆಬಾಕತನ ನನ್ನ ಉಳಿಸಿತು ಅಪ್ಪ. ಗೊತ್ತಾ ನಿಮಗೆ? ಬೀಟ್‌ರೂಟು ಗಡ್ಡೆ. ಅವರು ಮುಟ್ಟೋ ಹಾಗೇ ಇಲ್ಲ. ನಿಮ್ಮ ಮನಸ್ಸಿಗೆ ಬೇಜಾರಾಗ್ತದೆ ಅಂತ ಅರಿಹಂತನ ಅಪ್ಪ ಕುಡಿಯೋಕೆ ಹೊರಟಿದ್ರು. ಆಮೇಲೆ ಅವರ ಅಮ್ಮ ಈ ಮನೆ ಕಡೆ ತಲೆ ಹಾಕ್ತಿದ್ರಾ? ನೀವು ಕಿತ್ಕೊಳ್ದೆ ಇದ್ದಿದ್ರೆ ಎಲ್ಲ ಮುಗೀತಿತ್ತು.”

“ಹೌದಾ?” ಎಂದ ಉಮೇಶ, ಕಣ್ಣರಳಿಸಿ. “ಬೀಟ್‌ರೂಟು ಗಡ್ಡೆಯಾ?”

“ಇಷ್ಟೂ ಗೊತ್ತಿಲ್ವಾ ಅಪ್ಪ ನಿಮಗೆ!” ಎಂದು ಸ್ವಪ್ನಾ ನಕ್ಕುಬಿಟ್ಟಳು. ತನ್ನ ಸೆರಗಿನ ತುದಿಯಿಂದ ಅವನ ಮೀಸೆಯ ಕೆಂಪನ್ನು ಒರೆಸಿದಳು.

ಗೊತ್ತಾದ ಮೇಲೆಯೇ ಕುಡಿದೆ ಎಂದು ಉಮೇಶ ಅವಳಿಗೆ ಎಂದೂ ಹೇಳಲಿಲ್ಲ.